ಹಳೇ ಕಾಲದ ನಾದ ಹುಡುಕಲು ಹೊರಟ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ಆರ್ಕಿಯಾಲಜಿ ಎಂಎಗೆ ಸೀಟು ಸಿಕ್ಕಿದೆ, ಮುಂದೆ ಹಳೇ ಕಾಲದ ಸಂಗೀತದ ಮೇಲೇ ಕೆಲಸ ಮಾಡ್ತೀನಿ ಅಂತ ಬರೆದಿದ್ದೀಯ. ಓದಿ ತುಂಬಾ ಖುಷಿಯಾಯಿತು. ನಿಮ್ಮಪ್ಪ ಮಾತ್ರ ಫೋನ್ ಮಾಡಿ "ಇದರಲ್ಲಿ ಹೊಟ್ಟೆಪಾಡು ಏನು, ನೀನಾದರೂ ಬುದ್ಧಿ ಹೇಳು" ಅಂದ. ಅವನ ಜೊತೆ ನಾನು ಮಾತಾಡಿಕೊಳ್ಳುತ್ತೇನೆ, ಆ ಚಿಂತೆ ನಿನಗೆ ಬೇಡ.

ಆದರೆ ಹಾಸ್ಟೆಲಿನಲ್ಲಿ ಜಾಗ ಇಲ್ಲ, ಓದು ಮುಗಿಯುವ ತನಕ ವೀಣೆ ನಿಲ್ಲಿಸ್ತೀನಿ ಅಂದಿದ್ದೀಯಲ್ಲ, ಅದು ನನಗೆ ಒಪ್ಪಿಗೆಯಿಲ್ಲ. ಬೇರೆ ಆರ್ಕಿಯಾಲಜಿಗೆ ಕಣ್ಣು ಸಾಕಾಗಬಹುದು. ನಿನ್ನದಕ್ಕೆ ಬೆರಳು, ತುಟಿ, ಕಿವಿ ಎಲ್ಲಾ ಬೇಕು. ಫ್ರಾನ್ಸಿನ ಪಿರೆನೀಸ್ ಬೆಟ್ಟಗಳ ತಪ್ಪಲಲ್ಲಿ ಮಾರ್ಸುಲಾಸ್ ಅಂತ ಒಂದು ಗುಹೆ. ಅಲ್ಲಿ 1931ರಲ್ಲಿ ಒಂದು ದೊಡ್ಡ ಶಂಖ ಸಿಕ್ಕಿತು. ಏನೋ ಕುಡಿಯುವ ಬಟ್ಟಲಿರಬೇಕು ಅಂದುಕೊಂಡರು. ಟುಲೂಸಿನ ಮ್ಯೂಸಿಯಂನಲ್ಲಿ ಎಂಬತ್ತು ವರ್ಷಕ್ಕಿಂತ ಜಾಸ್ತಿ ಕಾಲ ಅದು ಹಾಗೇ ಕೂತಿತ್ತು. ಆಮೇಲೆ ಯಾರೋ ಮತ್ತೆ ಕೈಗೆತ್ತಿಕೊಂಡು ನೋಡಿದರು. ಶಂಖದಲ್ಲಿ ತುದಿಯೇ ಎಲ್ಲಕ್ಕಿಂತ ಗಟ್ಟಿ ಭಾಗ, ಅದು ಸುಮ್ನೆ ಬಿದ್ದು ಮುರಿಯುವುದಿಲ್ಲ, ಬೇಕಂತಲೇ ಮುರಿದಿದ್ದಾರೆ. ಅಂಚನ್ನು ತಟ್ಟಿ ತಟ್ಟಿ ಸರಿ ಮಾಡಿದ್ದಾರೆ. ಒಳಗೆ ಕೆಂಪು ಬಣ್ಣದ ಚುಕ್ಕೆಗಳು, ಅದೇ ಗುಹೆಯ ಗೋಡೆ ಮೇಲೆ ಚುಕ್ಕೆ ಇಟ್ಟು ಬರೆದ ಕಾಡೆಮ್ಮೆ ಚಿತ್ರ ಇದೆಯಲ್ಲ, ಅದರ ಹಾಗೇ. ಸ್ಕ್ಯಾನ್ ಮಾಡಿದರು, ಕೊನೆಗೆ ಊದುವ ವಾದ್ಯ ಬಲ್ಲವರೊಬ್ಬರಿಂದ ಊದಿಸಿದರು. ಸುಮಾರು 18,000 ವರ್ಷ ಹಳೆಯ ಶಂಖ ಮೂರು ಸ್ವರ ಕೊಟ್ಟಿತು. ನಮ್ಮ ಲೆಕ್ಕದಲ್ಲಿ ಷಡ್ಜ, ಶುದ್ಧ ರಿಷಭ, ಚತುಶ್ರುತಿ ರಿಷಭ ಎಷ್ಟು ಹತ್ತಿರವೋ ಅಷ್ಟು ಹತ್ತಿರದವು. 2021ರಲ್ಲಿ ಇದು ಪ್ರಕಟವಾಯಿತು. ಊದಿ ಗೊತ್ತಿರುವವರಿಗೆ ಇನ್ನೊಂದು ವಿಷಯವೂ ಹೊಳೆಯುತ್ತೆ: ಅಂಥ ಒರಟು ಅಂಚಿಗೆ ಬರೀ ತುಟಿ ಇಟ್ಟರೆ ಗಾಯವಾಗುತ್ತೆ, ಹಾಗಾಗಿ ಏನೋ ಒಂದು ಕೊಳವೆ ಸಿಕ್ಕಿಸಿರಬೇಕು. ಪುಸ್ತಕ ಓದಿ ಈ ಮಾತು ಹೊಳೆಯೋದು ಕಷ್ಟ ಅಲ್ವಾ?

ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು, ಇದೇ ನನ್ನ ಮುಖ್ಯ ಮಾತು. ಆ ಮೂರು ಸ್ವರ ಶಂಖ ಕೊಟ್ಟದ್ದು, ಜೊತೆಗೆ ಈ ಕಾಲದ ಒಬ್ಬ ವಾದಕನ ಉಸಿರು ಕೊಟ್ಟದ್ದು. ಆಗಿನವರು ಅದನ್ನೇ ಊದಿದರು ಅಂತ ಅರ್ಥವಲ್ಲ. ವಸ್ತು ನಿನಗೆ ನಾದ ಕೊಡುತ್ತೆ, ಹಾಡು ಕೊಡುವುದಿಲ್ಲ. ಬರೆದಿಟ್ಟ ಹಾಡು ಸಿಕ್ಕರೂ ಪಾಡು ಇದೇ. ಸಿರಿಯಾದ ಉಗಾರಿತ್‌ನಲ್ಲಿ ಸುಮಾರು 3,400 ವರ್ಷ ಹಳೆಯ ಮಣ್ಣಿನ ಹಲಗೆ ಸಿಕ್ಕಿದೆ, ಹುರ್ರಿಯನ್ ಭಾಷೆಯ ಸ್ತೋತ್ರ, ಕೆಳಗೆ ತಂತಿ ಜೋಡಿಗಳ ಹೆಸರು ಮತ್ತು ಅಂಕಿಗಳು. ವಿದ್ವಾಂಸರು ಒಬ್ಬೊಬ್ಬರು ಒಂದೊಂದು ಥರ ಓದಿ ಬೇರೆ ಬೇರೆ ಧಾಟಿ ಮಾಡಿದ್ದಾರೆ. ಯೂಟ್ಯೂಬಿನಲ್ಲಿ "ಪ್ರಪಂಚದ ಅತಿ ಹಳೆಯ ಹಾಡು" ಅಂತ ಕೇಳಿಸುವುದೆಲ್ಲ ಅವುಗಳಲ್ಲಿ ಯಾವುದೋ ಒಂದು. ನಾಳೆ ನಿನ್ನ ಮುಂದೆ ಮೈಕ್ ಹಿಡಿದು "ಆಗಿನ ಸಂಗೀತ ಹೇಗಿತ್ತು ಮೇಡಂ" ಅಂತ ಕೇಳುತ್ತಾರೆ. ಒಂದು ಧಾಟಿ ಹಾಡಿಬಿಡಬೇಕು ಅನ್ನಿಸುತ್ತೆ. ಹಾಡಬೇಡ. ವಾದ್ಯ ಹೇಗೆ ಮಾಡಿದ್ದಾರೆ ಅಂತ ಹೇಳು, ಅದರಲ್ಲೇ ಬೇಕಾದಷ್ಟಿದೆ. ಜರ್ಮನಿಯ ಗೈಸೆನ್‌ಕ್ಲೋಸ್ಟರ್ಲೆ ಗುಹೆಯ ಕೊಳಲನ್ನೇ ತಗೋ. ಹಕ್ಕಿ ಮೂಳೆ ಮೊದಲೇ ಟೊಳ್ಳು, ತೂತು ಕೊರೆದರೆ ಕೊಳಲು, ಅಂಥವೂ ಅಲ್ಲಿ ಸಿಕ್ಕಿವೆ. ಆದರೆ ಒಬ್ಬರು ಮ್ಯಾಮತ್ (ಈಗ ಅಳಿದುಹೋದ, ಆನೆ ಜಾತಿಯ ಪ್ರಾಣಿ) ದಂತವನ್ನೇ ಹಿಡಿದು, ಉದ್ದಕ್ಕೆ ಸೀಳಿ, ಎರಡೂ ಹೋಳನ್ನು ಒಳಗಿನಿಂದ ಕೆತ್ತಿ ಟೊಳ್ಳು ಮಾಡಿ, ಗಾಳಿ ಸೋರದ ಹಾಗೆ ಮತ್ತೆ ಅಂಟಿಸಿದ್ದಾರೆ. ಸುಮಾರು 40,000 ವರ್ಷದ ಹಿಂದೆ! ಸುಲಭದ ದಾರಿ ಇದ್ದೂ ಇಷ್ಟು ಪಾಡು ಪಟ್ಟಿದ್ದಾರೆ ಅಂದರೆ ಅವರಿಗೆ ಕೊಳಲು ಎಂಥ ವಸ್ತುವಾಗಿತ್ತು ಅಂತ ಯೋಚನೆ ಮಾಡು.

ನಿನ್ನ ವೀಣೆಯ ವಿಷಯದಲ್ಲೂ ಕಣ್ಣು ತೆರೆದಿಟ್ಟುಕೋ. ಸಾಂಚಿ, ಭಾರ್ಹುತ್, ಅಮರಾವತಿಯ ಶಿಲ್ಪಗಳಲ್ಲಿ ಇರುವ ವೀಣೆಗೆ ಮೆಟ್ಟಿಲೇ ಇಲ್ಲ. ಅದು ಬಿಲ್ಲಿನ ಹಾಗೆ ಬಾಗಿದ ಹಾರ್ಪ್. ಸಮುದ್ರಗುಪ್ತನ ಚಿನ್ನದ ನಾಣ್ಯದಲ್ಲಿ ಅವನ ತೊಡೆ ಮೇಲಿರುವುದೂ ಅದೇ. ನಮ್ಮಲ್ಲಿ ಅದು ಹೆಚ್ಚುಕಡಿಮೆ ಕಣ್ಮರೆಯಾಯಿತು, ಬರ್ಮಾದಲ್ಲಿ ಅದರ ಜಾತಿಯದನ್ನು ಇವತ್ತೂ ನುಡಿಸುತ್ತಾರೆ. ಹಾಗಾಗಿ ಹಳೇ ಗ್ರಂಥದಲ್ಲಿ ವೀಣೆ ಅಂತ ಕಂಡ ತಕ್ಷಣ ನಿನ್ನ 24 ಮೆಟ್ಟಿಲಿನ ವಾದ್ಯವನ್ನು ಕಲ್ಪಿಸಿಕೊಳ್ಳಬೇಡ.

ಇನ್ನು ಜರ್ಮನಿಗೆ ಹೋಗುವ ಕನಸು ಇರಲಿ, ಅದಕ್ಕೂ ಮುಂಚೆ ಬಳ್ಳಾರಿಗೆ ಬಾ. ನಾನು ಇಷ್ಟು ವರ್ಷ ಇದ್ದ ಊರಿನ ಪಕ್ಕದಲ್ಲೇ, ಸಂಗನಕಲ್ಲು–ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ, ನಿನಗೆ ಬೇಕಾದದ್ದು ಇದೆ. ನವಶಿಲಾಯುಗದ ಜನ ಅಲ್ಲಿ ದನ ಸಾಕಿದರು, ಕಲ್ಲು ಕೊಡಲಿ ಮಾಡಿದರು, ಕರಿಕಲ್ಲಿನ ಮೇಲೆ ಕುಟ್ಟಿ ಕುಟ್ಟಿ ಗೂಳಿಗಳನ್ನು, ಮನುಷ್ಯರನ್ನು ಮೂಡಿಸಿದರು. ಆ ಚಿತ್ರಗಳ ನಡುವೆ ಕೆಲವು ಬಂಡೆಗಳ ಮೈಮೇಲೆ ಬಟ್ಟಲಿನಂಥ ನುಣುಪು ಗುಳಿಗಳಿವೆ. ಆ ಜಾಗಕ್ಕೆ ಗುಂಡುಕಲ್ಲಿನಿಂದ ತಟ್ಟಿದರೆ ಜಾಗಟೆಯಂತೆ ಖಣ್ ಅನ್ನುತ್ತೆ. ನಿಕೋಲ್ ಬೊಯ್ವಿನ್ ಅನ್ನುವ ಆರ್ಕಿಯಾಲಜಿಸ್ಟ್ 2004ರಲ್ಲಿ ಇದನ್ನು ಬರೆದ ಮೇಲೆ ಹೊರದೇಶದವರಿಗೂ ಗೊತ್ತಾಯಿತು. ಗುಳಿ ಯಾವ ಕಾಲದ್ದು ಅಂತ ಹೇಳುವುದು ಸುಲಭವಲ್ಲ. ಚಿತ್ರಗಳಲ್ಲೇ ಆಮೇಲಿನವೂ ಇವೆ, ಗುಳಿಗೂ ಆಮೇಲಿನ ಕೈ ಬಿದ್ದಿರಬಹುದು. ಈ ಪ್ರಶ್ನೆಗೆ ಕೂತು ಕೆಲಸ ಮಾಡುವವರು ಬೇಕು.

ನನಗೆ ಹೆದರಿಕೆ ಇರುವುದು ಕ್ವಾರಿಗಳದ್ದು. ಆ ಗುಡ್ಡದ ಕಲ್ಲು ಒಡೆದು ಸಾಗಿಸಿದ್ದಾರೆ. ಮಡಕೆ ಒಡೆದರೆ ಚೂರು ಜೋಡಿಸಬಹುದು, ಬಿರುಕು ಬಿಟ್ಟ ಬಂಡೆ ಮತ್ತೆ ನಾದ ಕೊಡುವುದಿಲ್ಲ. ಎತ್ತಿ ಮ್ಯೂಸಿಯಂನಲ್ಲಿ ಇಟ್ಟರೂ ಆಗದು. ಬಂಡೆ ಎಲ್ಲಿ ಎಷ್ಟು ತಗುಲಿಕೊಂಡು ಕೂತಿದೆ ಅನ್ನುವುದರ ಮೇಲೆ ಅದರ ದನಿ ನಿಂತಿರುತ್ತೆ. ಇರುವ ಜಾಗದಲ್ಲೇ ಉಳಿಸಬೇಕು, ಉಳಿದಿರುವಾಗಲೇ ಒಂದೊಂದು ಬಂಡೆಯ ದನಿಯನ್ನೂ ರೆಕಾರ್ಡ್ ಮಾಡಬೇಕು. ನಿನ್ನ ಶ್ರುತಿ ಹಿಡಿಯುವ ಕಿವಿ ಇದಕ್ಕೆ ಬೇಕು ಪುಟ್ಟಿ.

ಡಿಸೆಂಬರ್ ರಜೆಯಲ್ಲಿ ಬಾ, ಆಗ ಬಳ್ಳಾರಿ ಬಿಸಿಲು ತಡೆಯಬಹುದು. ಮೊದಲು ಊರಿನ ರಾಬರ್ಟ್ ಬ್ರೂಸ್ ಫೂಟ್ ಮ್ಯೂಸಿಯಂ ನೋಡೋಣ, ಮಾರನೇ ದಿನ ಗುಡ್ಡ. ಗಟ್ಟಿ ಅಟ್ಟೆಯ ಶೂ ತಾ. ರೆಕಾರ್ಡಿಂಗ್ ಮಾಡೋದಾದರೆ ಈಗಲೇ ನಿಮ್ಮ ಪ್ರೊಫೆಸರ್ ಸಹಿ ಹಾಕಿಸಿ ಪುರಾತತ್ವ ಇಲಾಖೆಗೆ ಅರ್ಜಿ ಕಳಿಸು. ಅನುಮತಿ ಬರುವ ತನಕ ನಾವು ಒಂದು ಬಂಡೆಯನ್ನೂ ತಟ್ಟುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ