ಕೈ ಕಳೆದುಕೊಂಡ ಲೈನ್‌ಮ್ಯಾನ್ ಫೈಲಿನಲ್ಲಿ ‘ಅವನದೇ ನಿರ್ಲಕ್ಷ್ಯ’ ಅಂತ ಬರೆಯುವುದನ್ನು ನಿಲ್ಲಿಸಿ: ಇಂಧನ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರೇ,

ನಮಸ್ಕಾರ. ನನ್ನ ಅಣ್ಣ ಗುತ್ತಿಗೆ ಲೈನ್‌ಮ್ಯಾನ್. ‘ಆಗಿದ್ದ’ ಅಂತ ಬರೆಯಬೇಕು, ಆದರೆ ಇನ್ನೂ ಬಾಯಿಗೆ ಬರುತ್ತಿಲ್ಲ. ಮೂವತ್ತನೇ ವಯಸ್ಸಿಗೆ ಅವನ ಬಲಗೈ ಮಣಿಕಟ್ಟಿನಿಂದ ಆಚೆಗೆ ಹೋಯಿತು. ಈ ಪತ್ರ ಅವನೊಬ್ಬನ ಪರಿಹಾರಕ್ಕಾಗಿ ಅಲ್ಲ, ಆ ಕೇಸು ನಡೆಯುತ್ತಿದೆ, ನಡೆಯಲಿ. ಅವನ ಅಪಘಾತದ ವರದಿಯಲ್ಲಿ ಬರೆದ ಒಂದು ಸಾಲಿನ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು. ‘ಕಾರ್ಮಿಕನ ನಿರ್ಲಕ್ಷ್ಯವೇ ಅಪಘಾತಕ್ಕೆ ಕಾರಣ.’ ಇದೇ ಸಾಲನ್ನು ಆಮೇಲೆ ಬೇರೆಯವರ ಕಾಗದಗಳಲ್ಲೂ ನೋಡಿದೆ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ ಹುಡುಗನ ವರದಿಯಲ್ಲೂ ಇತ್ತು.

ಆ ದಿನ ಏನಾಯಿತು ಅಂತ ಮೊದಲು ಹೇಳುತ್ತೇನೆ. ರಾತ್ರಿಯೆಲ್ಲ ಗಾಳಿ ಮಳೆ, ಕೊಂಬೆ ಬಿದ್ದು 11 ಕೆವಿ (11,000 ವೋಲ್ಟು) ಲೈನಿನ ಜಂಪರ್, ಅಂದರೆ ತಂತಿಗಳನ್ನು ಜೋಡಿಸುವ ತುಂಡು ತಂತಿ, ಕಿತ್ತುಹೋಗಿತ್ತು. ಫೋನಿನಲ್ಲೇ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಮಾಡಿಸಿ ಕೆಲಸ ಮಾಡಲು ಅನುಮತಿ) ತೆಗೆದುಕೊಂಡರು. ಸಬ್‌ಸ್ಟೇಷನ್‌ನಿಂದ ಫೀಡರ್ ಆಫ್ ಆಯಿತು. ಅಣ್ಣ ಹತ್ತಿದ. ಲೈನ್ ಆಫ್ ಆಗಿದ್ದದ್ದು ನಿಜ, ಅದರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೆ ಆಚೆ ಕಡೆ ಒಂದು ಅಂಗಡಿಯಲ್ಲಿ ಜನರೇಟರ್ ಓಡುತ್ತಿತ್ತು, ಅದಕ್ಕೆ ಚೇಂಜ್‌ಓವರ್ ಸ್ವಿಚ್ (ಜನರೇಟರಿನ ಕರೆಂಟ್ ಹೊರಗಿನ ಲೈನಿಗೆ ಹೋಗದಂತೆ ತಡೆಯುವ ಸ್ವಿಚ್) ಇರಲಿಲ್ಲ. ಮನೆಗೆ ಬರುವ ಕರೆಂಟನ್ನು ಟ್ರಾನ್ಸ್‌ಫಾರ್ಮರ್ ಇಳಿಸಿ ಕೊಡುತ್ತದೆ ಅಲ್ವಾ, ಅದೇ ಟ್ರಾನ್ಸ್‌ಫಾರ್ಮರಿಗೆ ಕೆಳಗಿನಿಂದ ಕರೆಂಟ್ ಕೊಟ್ಟರೆ ಅದು ಹಿಂದಕ್ಕೆ ಏರಿಸುತ್ತದೆ. ಅಂಗಡಿಯ 230 ವೋಲ್ಟು ಕಂಬದ ಮೇಲೆ ಸಾವಿರಾರು ವೋಲ್ಟು ಆಗಿ ನಿಂತಿತ್ತು. ಅಣ್ಣ ಕೈ ಇಟ್ಟ.

ಇದನ್ನು ತಡೆಯುವ ದಾರಿ ಇಲ್ಲದೆ ಏನಿಲ್ಲ. ಕೆಲಸ ಮಾಡುವ ಜಾಗದ ಎರಡೂ ಬದಿಗೆ ಅರ್ತಿಂಗ್ ರಾಡ್ ಹಾಕಿ ಲೈನನ್ನು ನೆಲಕ್ಕೆ ಕಟ್ಟಿದರೆ, ಯಾವ ಕಡೆಯಿಂದ ಕರೆಂಟ್ ಬಂದರೂ ಅದು ನೆಲಕ್ಕೆ ಹೋಗುತ್ತದೆ. ಅವತ್ತು ರಾಡ್ ಇನ್ನೊಂದು ಗ್ಯಾಂಗಿನ ಜೀಪಿನಲ್ಲಿತ್ತು. ಒಂದೇ ಸೆಟ್ ಇದ್ದದ್ದು. ಮೇಲಿನವರಿಂದ ಫೋನ್ ಮೇಲೆ ಫೋನ್, ಊರಿನವರಿಂದ ಬೈಗುಳ, ಬೇಗ ಲೈನ್ ಕೊಡಿ ಅಂತ. ಆಮೇಲೆ ವರದಿ ಬಂತು: ‘ಅರ್ತಿಂಗ್ ಮಾಡದೆ ಕಂಬ ಹತ್ತಿದ್ದಾನೆ.’

ಸರ್, ಇಲ್ಲದ ರಾಡನ್ನು ಹಾಕುವುದು ಹೇಗೆ?

ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು 2010ರಲ್ಲೇ ಬಂದವು, 2023ರಲ್ಲಿ ಹೊಸದಾಗಿ ಬಂದವು. ಗ್ಲೌಸ್, ಶೂ, ಬೆಲ್ಟ್, ಹೆಲ್ಮೆಟ್, ಅರ್ತಿಂಗ್ ಸಾಧನ, ಇವನ್ನೆಲ್ಲ ಕೆಲಸ ಮಾಡುವವನಿಗೆ ಒದಗಿಸಬೇಕು ಅಂತ ಅಲ್ಲಿದೆ. ಲೈನ್ ಸತ್ತಿದೆ ಅಂತ ಖಾತ್ರಿ ಮಾಡಿ, ಅರ್ತ್ ಮಾಡಿ ಆಮೇಲೆ ಮುಟ್ಟಬೇಕು ಅಂತಲೂ ಇದೆ. ಒದಗಿಸುವ ಜವಾಬ್ದಾರಿ ಮೊದಲು, ಬಳಸುವ ಜವಾಬ್ದಾರಿ ಆಮೇಲೆ. ನಮ್ಮ ವರದಿಗಳು ಎರಡನೆಯದರಿಂದ ಶುರುವಾಗಿ ಅಲ್ಲೇ ಮುಗಿಯುತ್ತವೆ.

ಇನ್ನೊಂದು ವಿಷಯ ನನಗೆ ಗೊತ್ತಾಗುವುದಕ್ಕೆ ತಿಂಗಳುಗಳೇ ಹಿಡಿದವು. ನಿಮ್ಮ ಅಧಿಕಾರಿಗಳಿಗೆ ಖಂಡಿತ ಗೊತ್ತಿರಬೇಕು. ಪರಿಹಾರದ ಮಟ್ಟಿಗೆ ಆ ‘ನಿರ್ಲಕ್ಷ್ಯ’ದ ಸಾಲಿಗೆ ಬೆಲೆಯೇ ಇಲ್ಲ! 1923ರ ನೌಕರರ ಪರಿಹಾರ ಕಾಯ್ದೆ ಕೇಳುವುದು ಒಂದೇ ಪ್ರಶ್ನೆ: ಕೆಲಸದ ಸಮಯದಲ್ಲಿ, ಕೆಲಸದ ಕಾರಣದಿಂದ ಗಾಯ ಆಯಿತೇ? ಯಾರ ತಪ್ಪು ಅಂತ ಅದು ಕೇಳುವುದಿಲ್ಲ. ಕುಡಿದು ಬಂದಿದ್ದರೆ, ಬೇಕಂತಲೇ ನಿಯಮ ಮುರಿದಿದ್ದರೆ, ಕೊಟ್ಟ ರಕ್ಷಣಾ ಸಾಧನವನ್ನು ಬೇಕಂತಲೇ ತೆಗೆದುಹಾಕಿದ್ದರೆ ಮಾತ್ರ ಮಾಲೀಕ ತಕರಾರು ಎತ್ತಬಹುದು. ಅದೂ ಕಾರ್ಮಿಕ ಸತ್ತಿದ್ದರೆ ಅಥವಾ ಶಾಶ್ವತವಾಗಿ ಪೂರ್ತಿ ಅಂಗವಿಕಲನಾಗಿದ್ದರೆ ನಡೆಯುವುದಿಲ್ಲ. ಆಗ ಅವನು ಏನೇ ತಪ್ಪು ಮಾಡಿದ್ದರೂ ಪರಿಹಾರ ಕೊಡಲೇಬೇಕು. ಈ ಕಾಯ್ದೆಯ ಜಾಗಕ್ಕೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇದೇ ಪರಿಹಾರದ ಹಕ್ಕನ್ನು ಇಟ್ಟುಕೊಂಡಿದೆ.

ಹಾಗಿದ್ದರೆ ಆ ಸಾಲು ಯಾಕೆ ಬರೆಯುತ್ತಾರೆ? ನನಗನಿಸುವುದು, ಅದು ಕೋರ್ಟಿಗಾಗಿ ಬರೆದದ್ದಲ್ಲ. ಮನೆಯವರಿಗಾಗಿ ಬರೆದದ್ದು. ನಮ್ಮ ಅತ್ತಿಗೆ ಆ ವರದಿ ಓದಿಸಿಕೊಂಡು ಮೂರು ತಿಂಗಳು ಸುಮ್ನೆ ಕೂತರು. ತಪ್ಪು ನಮ್ಮವರದೇ ಅಂದಮೇಲೆ ಯಾರ ಹತ್ತಿರ ಏನು ಕೇಳುವುದು ಅಂತ. ಕ್ಲೇಮು ಹಾಕಲು ಎರಡು ವರ್ಷದ ಗಡುವು ಇದೆ ಅನ್ನುವುದು ಕೂಡ ನಮಗೆ ಗೊತ್ತಿರಲಿಲ್ಲ. ಹೀಗೆ ನಾಚಿಕೆಯಿಂದ ಸುಮ್ಮನಾದ ಮನೆಗಳು ಎಷ್ಟಿವೆಯೋ.

ಇನ್ನು ಗುತ್ತಿಗೆದಾರರ ವಿಷಯ. ವಿದ್ಯುತ್ ಕಂಪನಿಯ ಆಫೀಸಿಗೆ ಹೋದರೆ ‘ಅವನು ನಮ್ಮ ನೌಕರ ಅಲ್ಲ, ಕಂಟ್ರಾಕ್ಟರ್ ಹತ್ತಿರ ಹೋಗಿ’ ಅಂದರು. ಕಂಟ್ರಾಕ್ಟರ್ ಮೊದಲ ವಾರ ಆಸ್ಪತ್ರೆಗೆ ಬಂದರು, ಸ್ವಲ್ಪ ದುಡ್ಡೂ ಕೊಟ್ಟರು. ಆಮೇಲೆ ಫೋನ್ ಎತ್ತಲಿಲ್ಲ. ಕಾಯ್ದೆಯ 12ನೇ ಸೆಕ್ಷನ್ ಇದಕ್ಕೆ ಯಾವತ್ತೋ ಉತ್ತರ ಹೇಳಿದೆ: ತನ್ನ ಕೆಲಸವನ್ನು ಗುತ್ತಿಗೆಗೆ ಕೊಟ್ಟವನೇ ಪರಿಹಾರ ಕೊಡಬೇಕು, ಆಮೇಲೆ ಬೇಕಿದ್ದರೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಲಿ. ಕಂಬ ಕಂಪನಿಯದು, ಲೈನ್ ಕಂಪನಿಯದು, ಎಲ್‌ಸಿ ಕೊಟ್ಟದ್ದೂ ಕಂಪನಿಯವರೇ. ಕೈ ಮಾತ್ರ ಕಂಟ್ರಾಕ್ಟರ್‌ದಾ?

ಈಗ ಆ ಕೈಗೆ ಬೆಲೆ ಕಟ್ಟುವುದು ಹೇಗೆ ನೋಡಿ. ಕಾಯ್ದೆಯ ಪಟ್ಟಿಯಲ್ಲಿ ಒಂದು ಹಸ್ತ ಹೋದರೆ ಶೇ 60ರಷ್ಟು ನಷ್ಟ ಅಂತಿದೆ. ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಗೂ ಮಿತಿ ಇದೆ, 2020ರ ಜನವರಿಯಿಂದ 15,000 ರೂಪಾಯಿ. ಆ ಕೂಲಿಯ ಶೇ 60 (ಹಸ್ತದ ಶೇ 60 ಬೇರೆ, ಇದು ಬೇರೆ) ಅಂದರೆ 9,000, ಅದನ್ನು ಮೂವತ್ತು ವರ್ಷದವನಿಗೆ ಹಾಕಿರುವ 207.98 ಅನ್ನುವ ಅಂಶದಿಂದ ಗುಣಿಸಿದರೆ 18,71,820 ರೂಪಾಯಿ. ಇದು ಪೂರ್ತಿ ಅಂಗವೈಕಲ್ಯಕ್ಕೆ. ಹಸ್ತಕ್ಕೆ ಶೇ 60 ಅಂತ ಹಿಡಿದರೆ 11,23,092. ನಡುವೆ ಏಳೂವರೆ ಲಕ್ಷದ ವ್ಯತ್ಯಾಸ. ಪಟ್ಟಿ ಏನೇ ಹೇಳಲಿ, ಒಂದೇ ಕೈಯಲ್ಲಿ ಕಂಬ ಹತ್ತುವ ಲೈನ್‌ಮ್ಯಾನ್ ಇದ್ದಾನೆಯೇ? 1975ರಲ್ಲೇ ಸುಪ್ರೀಂ ಕೋರ್ಟ್ ಮುಂದೆ ಒಬ್ಬ ಬಡಗಿಯ ಪ್ರಕರಣ ಬಂದಿತ್ತು. ಅವನ ಎಡಗೈ ಹೋಗಿತ್ತು, ಬಲಗೈ ಗಟ್ಟಿಯಾಗಿತ್ತು. ಒಂದು ಕೈಯಲ್ಲಿ ಬಡಗಿ ಕೆಲಸ ಆಗುವುದಿಲ್ಲ, ಆದ್ದರಿಂದ ಇದು ಪೂರ್ತಿ ಅಂಗವೈಕಲ್ಯವೇ ಅಂತ ಕೋರ್ಟ್ ಹೇಳಿತು. ಪರಿಹಾರ ಕೊಡುವ ಹೊಣೆ ಅಪಘಾತದ ದಿನದಿಂದಲೇ ಶುರುವಾಗುತ್ತದೆ ಅಂತಲೂ ಹೇಳಿತು. ಇಷ್ಟು ವರ್ಷದ ಮೇಲೂ ಪ್ರತಿಯೊಬ್ಬ ಲೈನ್‌ಮ್ಯಾನ್ ಇದನ್ನು ಮೊದಲಿನಿಂದ ವಾದ ಮಾಡಿ ಗೆಲ್ಲಬೇಕು. (ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇದ್ದವರಿಗೆ ದಾರಿ ಬೇರೆ, ಅವರಿಗೆ ತಿಂಗಳು ತಿಂಗಳು ಬರುತ್ತದೆ. ಅಣ್ಣನಿಗೆ ಇಎಸ್‌ಐ ಇರಲಿಲ್ಲ.)

ಕರೆಂಟಿನ ಗಾಯ ಬೆಂಕಿಯ ಗಾಯದಂತಲ್ಲ ಸರ್. ಹೊರಗೆ ಚರ್ಮದ ಮೇಲೆ ನಾಣ್ಯದಷ್ಟು ಕಪ್ಪು ಕಲೆ, ಒಳಗೆ ಮಾಂಸ ಬೆಂದಿರುತ್ತದೆ. ಸತ್ತ ಸ್ನಾಯುಗಳಿಂದ ರಕ್ತಕ್ಕೆ ಸೇರಿದ್ದು ಕಿಡ್ನಿಯನ್ನು ಕೆಡಿಸುತ್ತದೆ. ಮೊದಲ ದಿನ ಅಣ್ಣನ ಮೂತ್ರ ಟೀ ಬಣ್ಣದಲ್ಲಿ ಬಂದಾಗ ಡಾಕ್ಟರ ಮುಖ ಬದಲಾದದ್ದನ್ನು ನಾನು ನೋಡಿದ್ದೇನೆ. ಕೈ ಉಳಿಸಲು ಮೊದಲು ಉದ್ದಕ್ಕೆ ಸೀಳಿದರು, ಆರನೇ ದಿನ ಕತ್ತರಿಸಿದರು. ಕೆಲವರಿಗೆ ತಿಂಗಳುಗಳಾದ ಮೇಲೆ ಕಣ್ಣಿನ ಪೊರೆ ಬರುತ್ತದೆ, ನರದ ನೋವು ವರ್ಷಗಟ್ಟಲೆ ಇರುತ್ತದೆ. ಅಣ್ಣನಿಗೆ ಇಲ್ಲದ ಬೆರಳುಗಳು ಈಗಲೂ ರಾತ್ರಿ ಉರಿಯುತ್ತವೆ. ಹೀಗಿರುವಾಗ ಡಿಸ್ಚಾರ್ಜ್ ಆದ ದಿನದ ಕಾಗದ ನೋಡಿ ‘ಗುಣವಾಗಿದೆ’ ಅಂತ ಬರೆದರೆ ಹೇಗೆ? ಚಿಕಿತ್ಸೆಗೆ ನಿಜವಾಗಿ ಆದ ಖರ್ಚನ್ನು ಮಾಲೀಕನೇ ಕೊಡಬೇಕು ಅನ್ನುವುದು 2009ರ ತಿದ್ದುಪಡಿಯಿಂದ ಕಾಯ್ದೆಯಲ್ಲೇ ಇದೆ. ನಾವು ಒಡವೆ ಅಡ ಇಟ್ಟು ಕಟ್ಟಿದೆವು.

ಕಾಯಂ ನೌಕರನಿಗೆ ಹೀಗಾಗಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇತ್ತು. ಸೇವೆಯಲ್ಲಿದ್ದಾಗ ಅಂಗವಿಕಲನಾದವನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವ ಹಾಗಿಲ್ಲ, ಬೇರೆ ಕೆಲಸಕ್ಕೆ ಹಾಕಬೇಕು, ಸಂಬಳ ಇಳಿಸುವ ಹಾಗಿಲ್ಲ. ಒಂದೇ ಕಂಬದ ಮೇಲೆ ಇಬ್ಬರಿದ್ದರೂ ಗುತ್ತಿಗೆಯವನಿಗೆ ಈ ಆಸರೆ ಸಿಗುವುದಿಲ್ಲ. ಸಬ್‌ಸ್ಟೇಷನ್‌ನಲ್ಲಿ ಲಾಗ್ ಬುಕ್ ಬರೆಯುವ ಕೆಲಸ ಅಣ್ಣ ಮಾಡಬಲ್ಲ. ಎಡಗೈಯಲ್ಲಿ ಬರೆಯುವುದನ್ನು ಕಲಿತಿದ್ದಾನೆ, ಮಗಳ ಕಾಪಿ ಪುಸ್ತಕದಲ್ಲಿ.

ನಾನು ಹೊಸ ಕಾನೂನು ಕೇಳುತ್ತಿಲ್ಲ. ನಿಮ್ಮ ಸಹಿಯಿರುವ ಒಂದು ಆದೇಶ ಸಾಕು. ಅಪಘಾತವಾದ ಒಂದು ತಿಂಗಳೊಳಗೆ ಕಂಪನಿಯೇ ಪರಿಹಾರದ ಹಣವನ್ನು ನೌಕರರ ಪರಿಹಾರ ಆಯುಕ್ತರ ಹತ್ತಿರ ಇಡಲಿ, ಗುತ್ತಿಗೆದಾರನ ಜೊತೆ ಲೆಕ್ಕ ಆಮೇಲೆ ಮಾಡಿಕೊಳ್ಳಲಿ. ತಡ ಮಾಡಿದರೆ ಕೊನೆಗೆ ಬಡ್ಡಿ ಸೇರಿಸಿ ಕೊಡುವುದು ಜನರ ದುಡ್ಡೇ ಅಲ್ವಾ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ವಿದ್ಯುತ್ ಪರಿವೀಕ್ಷಕರು ಮಾಡುವ ತನಿಖೆಯ ವರದಿಯನ್ನು ಗಾಯಗೊಂಡವನ ಮನೆಗೆ, ಕೇಳುವ ಮೊದಲೇ, ಕನ್ನಡದಲ್ಲಿ ಕಳಿಸಿ. ಆ ವರದಿಯಲ್ಲಿ ‘ನಿರ್ಲಕ್ಷ್ಯ’ ಅಂತ ಬರೆಯುವುದಕ್ಕೆ ಮೊದಲು ಮೂರು ಪ್ರಶ್ನೆಗೆ ಉತ್ತರ ಬರೆಯುವುದು ಕಡ್ಡಾಯವಾಗಲಿ: ಅವತ್ತು ಆ ಗ್ಯಾಂಗಿನ ಹತ್ತಿರ ಅರ್ತಿಂಗ್ ರಾಡ್ ಇತ್ತೇ, ಎಲ್‌ಸಿ ಬರವಣಿಗೆಯಲ್ಲಿ ಇತ್ತೇ, ಜೊತೆಗೆ ಎಷ್ಟು ಜನರಿದ್ದರು.

ಮತ್ತೆ ಆ ಜನರೇಟರುಗಳು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಓಡುವವನ್ನು ಹುಡುಕಿ ನಿಲ್ಲಿಸಿ. ಮೀಟರ್ ಓದಲು ಪ್ರತಿ ತಿಂಗಳು ಪ್ರತಿ ಅಂಗಡಿಗೆ ನಿಮ್ಮವರು ಹೋಗಿಯೇ ಹೋಗುತ್ತಾರೆ, ಆಗಲೇ ನೋಡಬಹುದು.

ಆದೇಶ ಬಂದ ದಿನ ಅದನ್ನು ವೆಬ್‌ಸೈಟಿನಲ್ಲಿ ಹಾಕಿ ಬಿಡಬೇಡಿ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿಸಿ ಪ್ರತಿ ಸೆಕ್ಷನ್ ಆಫೀಸಿನಲ್ಲೂ ಹಾಜರಿ ಪುಸ್ತಕ ಇಡುವ ಮೇಜಿನ ಮೇಲಿನ ಗೋಡೆಗೆ ಅಂಟಿಸಿ. ಬೆಳಗ್ಗೆ ಲೈನಿಗೆ ಹೋಗುವ ಮೊದಲು ಎಲ್ಲರೂ ಸಹಿ ಹಾಕಲು ನಿಲ್ಲುವುದು ಅಲ್ಲೇ.

ಇಂತಿ,
ಒಬ್ಬ ಲೈನ್‌ಮ್ಯಾನ್‌ನ ತಮ್ಮ