ಫಿಜಿಯ ಸೇನೆಗೆ ಸಂವಿಧಾನವೇ ಕೊಟ್ಟಿರುವ ಸಲುಗೆ

ಮಾನ್ಯರೇ,

ನಮ್ಮ ಪತ್ರಿಕೆಗಳಲ್ಲಿ ಫಿಜಿ ಬಂದರೆ ಕಡಲತೀರ, ರಗ್ಬಿ, ಇಲ್ಲವೇ ಬ್ರಿಟಿಷರು ಕರಾರಿನ ಮೇಲೆ ಭಾರತದಿಂದ ಒಯ್ದ ಗಿರ್ಮಿಟ್ ಕೂಲಿಗಳ ಕಥೆ. ಅಲ್ಲಿ ಸಂವಿಧಾನ ತಿದ್ದುಪಡಿಯ ಚರ್ಚೆ ಎದ್ದಿರುವ ಈ ಹೊತ್ತಿನಲ್ಲಿ ಅಲ್ಲಿನ ಸೇನೆಯ ಬಗ್ಗೆಯೂ ಓದುಗರಿಗೆ ತಿಳಿಯಬೇಕು.

ಒಂಬತ್ತು ಲಕ್ಷದಷ್ಟು ಜನರಿರುವ ಪುಟ್ಟ ದೇಶವದು. 1970ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. 1978ರಿಂದ ಅದರ ಸೈನಿಕರು ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಲೆಬನಾನ್‌ಗೆ ಹೋದರು. 2014ರಲ್ಲಿ ಸಿರಿಯಾ-ಇಸ್ರೇಲ್ ನಡುವಿನ ಗೋಲನ್ ಪ್ರದೇಶದಲ್ಲಿ ಶಾಂತಿಪಾಲನೆಗಿದ್ದ ಫಿಜಿಯ 45 ಸೈನಿಕರನ್ನು ಉಗ್ರರು ಒತ್ತೆಯಿಟ್ಟುಕೊಂಡಿದ್ದರು. ಪರದೇಶದ ಶಾಂತಿಗಾಗಿ ಇಷ್ಟು ದುಡಿದ ಸೇನೆಯೇ ತನ್ನ ನೆಲದಲ್ಲಿ ಜನ ಆರಿಸಿದ ಸರ್ಕಾರಗಳನ್ನು ಕಿತ್ತೆಸೆದಿದೆ.

1987ರ ಮೇ 14ರಂದು ಮುಸುಕುಧಾರಿ ಸೈನಿಕರು ಸಂಸತ್ತಿಗೆ ನುಗ್ಗಿ ಪ್ರಧಾನಿ ಟಿಮೊಸಿ ಬವಾದ್ರಾ ಅವರನ್ನೂ ಸಚಿವರನ್ನೂ ಎಳೆದೊಯ್ದರು. ಆ ಸರ್ಕಾರಕ್ಕೆ ಆಗಿನ್ನೂ ತಿಂಗಳು ತುಂಬಿತ್ತಷ್ಟೆ. ಅದರಲ್ಲಿ ಭಾರತೀಯ ಮೂಲದವರು ಹೆಚ್ಚಿದ್ದುದೇ ಸಿಟ್ಟಿಗೆ ಕಾರಣ. ಗಿರ್ಮಿಟ್ ಕೂಲಿಗಳ ಮೊದಲ ಹಡಗು ಲಿಯೊನಿಡಾಸ್ ಫಿಜಿ ತಲುಪಿದ್ದೂ 1879ರ ಮೇ 14ರಂದೇ. ದಂಗೆಯ ನಾಯಕ, ಲೆಫ್ಟಿನೆಂಟ್ ಕರ್ನಲ್ ಸಿಟಿವೇನಿ ರಬುಕಾ, ನಮ್ಮ ನೀಲಗಿರಿಯ ವೆಲಿಂಗ್ಟನ್ ಸ್ಟಾಫ್ ಕಾಲೇಜಿನಲ್ಲಿ ಓದಿದವರು. ಅದೇ ಕಾಲೇಜಿನಲ್ಲಿ ಕಲಿತ ನಮ್ಮ ಅಧಿಕಾರಿಗಳು ಬ್ಯಾರಕ್ಕಿನ ಗೆರೆ ದಾಟಿಲ್ಲ. ಹಾಗಾಗಿ ದೋಷ ತರಬೇತಿಯದಲ್ಲ ಎಂದೇ ನನಗೆ ಅನ್ನಿಸುವುದು.

ಸೇನೆಯಲ್ಲಿ ಮೊದಲಿನಿಂದಲೂ ಮೂಲನಿವಾಸಿ ಇತೌಕೆಯರದೇ ಬಲ. ಎರಡನೇ ಮಹಾಯುದ್ಧದಲ್ಲಿ ಭಾರತೀಯರು ಬಿಳಿಯ ಸೈನಿಕರಷ್ಟೇ ಸಂಬಳ ಕೇಳಿದರು, ವಸಾಹತು ಸರ್ಕಾರ ಒಪ್ಪಲಿಲ್ಲ, ಸೇರಿದವರು ಬೆರಳೆಣಿಕೆ. ನ್ಯಾಯವಾದ ಆ ಬೇಡಿಕೆಯನ್ನೇ ಮುಂದೆ ಅವರ ದೇಶನಿಷ್ಠೆಯ ಮೇಲೆ ಅನುಮಾನ ಹೊರಿಸಲು ಬಳಸಲಾಯಿತು.

ದಂಗೆಯ ರೋಗ ಸೇನೆಯನ್ನೂ ಬಿಡಲಿಲ್ಲ. 2000ದಲ್ಲಿ ಭಾರತೀಯ ಮೂಲದ ಪ್ರಧಾನಿ ಮಹೇಂದ್ರ ಚೌಧರಿ ಅವರ ಸರ್ಕಾರವನ್ನು 56 ದಿನ ಒತ್ತೆಯಿಟ್ಟವರ ಜೊತೆ ಸೇನೆಯ ವಿಶೇಷ ಘಟಕದವರೂ ಇದ್ದರು. ಅದೇ ಘಟಕದ ಬಂಡುಕೋರರು ನವೆಂಬರ್‌ನಲ್ಲಿ ರಾಜಧಾನಿ ಸುವಾದ ಬ್ಯಾರಕ್ಕಿನಲ್ಲಿ ತಮ್ಮ ದಂಡನಾಯಕ ಬೈನಿಮರಾಮ ಅವರನ್ನೇ ಕೊಲ್ಲಹೊರಟರು. ಅವರು ಮರಗೆಣಸಿನ ತೋಟದೊಳಗೆ ಇಳಿದು ಓಡಿ ಜೀವ ಉಳಿಸಿಕೊಂಡರು. ಆ ಬೈನಿಮರಾಮ 2006ರಲ್ಲಿ ತಾವೇ ಸರ್ಕಾರ ಉರುಳಿಸಿದರು.

ಅವರ ಆಡಳಿತ ತಂದ 2013ರ ಸಂವಿಧಾನದ 131(2)ನೇ ವಿಧಿ, ದೇಶದ ಭದ್ರತೆ, ರಕ್ಷಣೆಯ ಜೊತೆಗೆ ಎಲ್ಲ ಫಿಜಿಯನ್ನರ ಯೋಗಕ್ಷೇಮದ ಹೊಣೆಯನ್ನೂ ಸೇನೆಗೇ ವಹಿಸಿದೆ. ಯೋಗಕ್ಷೇಮ ಕೆಟ್ಟಿದೆ ಎಂದು ತೀರ್ಮಾನಿಸುವವರು ಯಾರು? ಬಂದೂಕು ಹಿಡಿದವರೇ ಎಂದಾದರೆ ಮತಪೆಟ್ಟಿಗೆಗೆ ಬೆಲೆಯೆಲ್ಲಿ? 2022ರ ಚುನಾವಣೆಯ ನಂತರ ಸೇನೆ ಸಂಯಮ ತೋರಿ ಅಧಿಕಾರ ಶಾಂತಿಯಿಂದ ಕೈಬದಲಾಯಿತು, ಅದನ್ನು ಮೆಚ್ಚಲೇಬೇಕು. ಆದರೆ ದಂಡನಾಯಕರ ಒಳ್ಳೆಯ ಮನಸ್ಸನ್ನು ನಂಬಿ ಒಂದು ಗಣರಾಜ್ಯ ಎಷ್ಟು ದಿನ ನಡೆದೀತು?

ಈಗ ರಬುಕಾ ಅವರೇ ಪ್ರಧಾನಿ. ಗಿರ್ಮಿಟ್ ಕೂಲಿಗಳನ್ನು ನೆನೆಯುವ 2023ರ ಗಿರ್ಮಿಟ್ ದಿನದಂದು 1987ರ ಕೃತ್ಯಕ್ಕೆ ಬಹಿರಂಗವಾಗಿ ಕ್ಷಮೆ ಕೇಳಿದ್ದಾರೆ. ಆ ಕ್ಷಮೆ ಕಾನೂನಿನಲ್ಲೂ ಕಾಣಬೇಕು. ತಿದ್ದುಪಡಿಗೆ ಮುಕ್ಕಾಲು ಪಾಲು ಸಂಸದರ, ಮುಕ್ಕಾಲು ಪಾಲು ಮತದಾರರ ಒಪ್ಪಿಗೆ ಬೇಕೆಂಬ ಕಟ್ಟನ್ನು 2025ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಡಿಲಿಸಿದೆ. 131(2)ನೇ ವಿಧಿಯಿಂದ ಯೋಗಕ್ಷೇಮದ ಮಾತನ್ನು ತೆಗೆದು, ಸೇನೆ ಸಂಸತ್ತಿಗೆ ಅಧೀನ ಎಂದು ಬರೆಯಲಿ. ಭಾರತೀಯ ಮೂಲದ ಯುವಕ ಯುವತಿಯರನ್ನು ಕರೆದು ಸೇನೆಗೆ ಸೇರಿಸಿಕೊಳ್ಳಲಿ. ಫಿಜಿಯೊಂದಿಗೆ ರಕ್ಷಣಾ ಸಹಕಾರ ಬೆಳೆಸುತ್ತಿರುವ ನಮ್ಮ ಕೇಂದ್ರ ಸರ್ಕಾರ ಈ ಎರಡು ಮಾತನ್ನೂ ಸ್ನೇಹದಿಂದಲೇ ಅವರ ಕಿವಿಗೆ ಹಾಕಲಿ.

– ನಿವೃತ್ತ ಇತಿಹಾಸ ಅಧ್ಯಾಪಕ, ಗುಂಡ್ಲುಪೇಟೆ