ಸೋಂಕಿನ ಸಿನಿಮಾದಲ್ಲಿ ಹಳ್ಳಿಯವರಿಗೂ ಮಾತು ಬೇಕು

ಮಾನ್ಯ ಸಂಪಾದಕರೇ,

ಮಾರಕ ಸೋಂಕೊಂದು ಜಗತ್ತಿಗೆಲ್ಲ ಹರಡುವ ಕಥೆಯ, 2011ರ ಹಾಲಿವುಡ್‌ನ ‘ಕಂಟೇಜಿಯನ್’ ಸಿನಿಮಾವನ್ನು ಕೊರೊನಾ ಕಾಲದಲ್ಲಿ ತುಂಬಾ ಜನ ಹುಡುಕಿ ನೋಡಿದರು. ಅದರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಹಿರಿಯ ಅಧಿಕಾರಿಯಾಗಿ ಕಪ್ಪು ನಟ ಲಾರೆನ್ಸ್ ಫಿಶ್‌ಬರ್ನ್ ಇದ್ದಾರೆ. ಹೊಸ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಳ್ಳುವ ವಿಜ್ಞಾನಿ ಒಬ್ಬ ಹೆಂಗಸು. ಇದನ್ನು ದೊಡ್ಡದು ಮಾಡದೆ ಸಹಜವಾಗಿ ತೋರಿಸಿದ್ದು ನನಗೆ ಬಹಳ ಹಿಡಿಸಿತು.

ಆದರೆ ಚೀನಾದ ಹಳ್ಳಿಯವರ ಪಾಡು ನೋಡಿ. ಲಸಿಕೆಗಾಗಿ ಅವರು ವಿಶ್ವ ಆರೋಗ್ಯ ಸಂಸ್ಥೆಯ ವೈದ್ಯೆಯನ್ನು ಒತ್ತೆ ಇಟ್ಟುಕೊಳ್ಳುತ್ತಾರೆ. ಕೊನೆಗೆ ಸಿಗುವುದು ಹುಸಿ ಲಸಿಕೆ. ಗೊತ್ತಾದ ಕೂಡಲೇ ವೈದ್ಯೆ ವಿಮಾನ ನಿಲ್ದಾಣದಿಂದ ವಾಪಸ್ ಓಡುತ್ತಾಳೆ. ಮುಂದೆ ಆ ಊರಿನ ಮಕ್ಕಳಿಗೆ ಏನಾಯಿತು? ಸಿನಿಮಾ ಆ ಕಡೆ ತಿರುಗಿಯೂ ನೋಡುವುದಿಲ್ಲ. ಇಷ್ಟು ದೊಡ್ಡ ಅನ್ಯಾಯಕ್ಕೆ ಇನ್ನೂ ಜಾಸ್ತಿ ಜಾಗ ಬೇಕಿತ್ತು, ಅಲ್ವಾ?

ಕೋಳಿಕ್ಕೋಡಿನಲ್ಲಿ 2018ರಲ್ಲಿ ಹರಡಿದ ನಿಫಾ ಬಗ್ಗೆ ಬಂದ ಮಲಯಾಳಂನ ‘ವೈರಸ್’ ಇಲ್ಲಿ ಗೆಲ್ಲುತ್ತದೆ. ಅಲ್ಲಿ ನರ್ಸ್‌ಗೂ, ಆಸ್ಪತ್ರೆಯ ಹಂಗಾಮಿ ನೌಕರನಿಗೂ ಅವರದೇ ಭಯ, ಅವರದೇ ಮನೆ ಇದೆ. ಕನ್ನಡದಲ್ಲಿ ಇಂಥ ಸಿನಿಮಾ ಮಾಡುವವರು ಆಶಾ ಕಾರ್ಯಕರ್ತೆಯರನ್ನೂ ಪೌರಕಾರ್ಮಿಕರನ್ನೂ ಮುಖ್ಯ ಪಾತ್ರ ಮಾಡಲಿ.

– ಒಬ್ಬ ಓದುಗ, ಮೈಸೂರು